ಐರಿಶ್ ಪಬ್‌ಗೆ ಮೊದಲ ಸಲ ಹೋಗ್ತಿದ್ದೀರಾ? ಪಾಳಿ ನೆನಪಿರಲಿ

ಡಬ್ಲಿನ್‌ಗೆ ಬಂದ ಹೊಸದರಲ್ಲಿ ಒಂದು ಗುರುವಾರ ಸಂಜೆ ಆಫೀಸಿನವರು "ಒಂದೇ ಒಂದು, ಬಾ" ಅಂತ ಪಬ್‌ಗೆ ಕರೆದುಕೊಂಡು ಹೋದರು. ಒಟ್ಟು ನಾಲ್ಕು ಜನ. ಮೊದಲ ಸುತ್ತು ಒಬ್ಬ ತಂದ. ಎರಡನೆಯದನ್ನು ಒಬ್ಬಳು ತಂದಳು. ಮೂರನೆಯದನ್ನು ಮತ್ತೊಬ್ಬ. ನಾನು ಮೂರನ್ನೂ ಕುಡಿದು, ಗಡಿಯಾರ ನೋಡಿ, "ಬಸ್ಸು ಹೋಗಿಬಿಡುತ್ತೆ" ಅಂತ ಎದ್ದೆ. ಫೋನ್ ಕೈಗೆತ್ತಿಕೊಂಡು "ನನ್ನ ಪಾಲು ಎಷ್ಟಾಯ್ತು ಹೇಳಿ, ಕಳಿಸ್ತೀನಿ" ಅಂತಲೂ ಅಂದೆ. ಮೂವರೂ ನಕ್ಕರು. ಯಾರೂ ಮೊತ್ತ ಹೇಳಲಿಲ್ಲ. ಎಷ್ಟು ದೊಡ್ಡ ಮನಸ್ಸು ಇವರದು ಅಂದುಕೊಂಡು ಖುಷಿಯಾಗಿ ಬಸ್ ಹತ್ತಿದೆ.

ಇವತ್ತಿಗೂ ಆಫೀಸಿನಲ್ಲಿ ನಾನು ಕುರ್ಚಿಯಿಂದ ಎದ್ದರೆ ಸಾಕು, "ಏನು, ಬಸ್ಸು ಬಂತಾ?" ಅಂತಾರೆ.

ನನಗೆ ಆವತ್ತು ಗೊತ್ತಿಲ್ಲದಿದ್ದದ್ದು ಒಂದೇ ಸಂಗತಿ. ಐರಿಶ್ ಪಬ್ ನಡೆಯುವುದೇ ಪಾಳಿಯ ಮೇಲೆ. ಕೌಂಟರ್‌ನಲ್ಲಿ ಪಾಳಿ, ಕುಡಿಸುವುದರಲ್ಲಿ ಪಾಳಿ, ಮಾತಿನಲ್ಲಿ ಪಾಳಿ, ಹಾಡಿನಲ್ಲೂ ಪಾಳಿ. ಯಾವುದನ್ನೂ ಗೋಡೆಯ ಮೇಲೆ ಬರೆದು ಹಾಕಿರುವುದಿಲ್ಲ. ಕೆಲಸಕ್ಕೋ ಓದಿಗೋ ಐರ್ಲೆಂಡಿಗೆ ಬಂದಿರುವವರು, ವಾರದ ಪ್ರವಾಸಕ್ಕೆ ಬರುವವರು, ಕುಡಿಯುವವರು, ಕುಡಿಯದವರು ಎಲ್ಲರಿಗೂ ಉಪಯೋಗಕ್ಕೆ ಬರಲಿ ಅಂತ ನಾನು ಎಡವಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ಪಬ್ ಆರಿಸಿಕೊಳ್ಳಿ

ಬೆಂಗಳೂರಿನಲ್ಲಿ ಪಬ್ ಅಂದ್ರೆ ಕತ್ತಲೆ, ಬಣ್ಣದ ಲೈಟು, ಕಿವಿ ಗವ್ವೆನ್ನುವ ಹಾಡು. ಆ ಚಿತ್ರವನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟು ಬನ್ನಿ. ಪಬ್ ಅನ್ನುವುದು 'ಪಬ್ಲಿಕ್ ಹೌಸ್' ಅನ್ನುವುದರ ಮೊಟಕು ರೂಪ. ಎಲ್ಲರಿಗೂ ಬಾಗಿಲು ತೆರೆದಿರುವ ಮನೆ. ನಮ್ಮ ಊರಿನ ಅರಳಿಕಟ್ಟೆಗೆ ನಾಲ್ಕು ಗೋಡೆ, ಒಂದು ಚಾವಣಿ ಹಾಕಿ, ಮಳೆಗೆ ನೆನೆಯದ ಹಾಗೆ ಮಾಡಿದರೆ ಹೇಗಿರುತ್ತೋ ಹಾಗೆ. ಇಲ್ಲಿನ ಮಳೆಗೆ ಅದು ಬೇಕೇ ಬೇಕು ಬಿಡಿ.

ಪ್ರವಾಸಿಗರೆಲ್ಲ ಹೋಗುವುದು ಡಬ್ಲಿನ್‌ನ ಟೆಂಪಲ್ ಬಾರ್ ಅನ್ನುವ ಪ್ರದೇಶಕ್ಕೆ. ಹೋಗಿ, ಕೆಂಪು ಗೋಡೆಯ ಮುಂದೆ ಫೋಟೋ ತೆಗೆಸಿಕೊಳ್ಳಿ, ತಪ್ಪೇನಿಲ್ಲ. ಆದರೆ ಸಾಮಾನ್ಯ ಪಬ್‌ನಲ್ಲಿ 6 ಯೂರೋ ಆಸುಪಾಸಿನಲ್ಲಿ ಸಿಗುವ ಪೈಂಟ್, ಅಂದ್ರೆ ಒಂದು ದೊಡ್ಡ ಗ್ಲಾಸ್ ಬಿಯರ್, ಅಲ್ಲಿ 10 ಯೂರೋದ ಹತ್ತಿರ ಹೋಗಿರುತ್ತೆ. ಜತೆಗೆ ಪಕ್ಕದಲ್ಲಿ ಕೂತವರೂ ನಿಮ್ಮ ಹಾಗೆಯೇ ನಿನ್ನೆ ಬಂದಿಳಿದವರು. ಐರ್ಲೆಂಡಿನವರ ಜೊತೆ ಮಾತಾಡಬೇಕು ಅಂದ್ರೆ ಬಸ್ ಹಿಡಿದು ಬಡಾವಣೆಯ ಪಬ್‌ಗೇ ಹೋಗಬೇಕು. ಅದನ್ನು ಇಲ್ಲಿನವರು 'ಲೋಕಲ್' ಅಂತಾರೆ.

ಒಳ್ಳೆಯ ಲೋಕಲ್ ಗುರುತಿಸುವುದು ಕಷ್ಟ ಅಲ್ಲ. ಬಾಗಿಲ ಮೇಲೆ ಒಂದು ಮನೆತನದ ಹೆಸರು ಇರುತ್ತೆ. ಒಳಗೆ ಮರದ ಕೌಂಟರ್, ಎತ್ತರದ ಸ್ಟೂಲುಗಳು, ಹಳೆಯ ಕನ್ನಡಿ. ಮಧ್ಯಾಹ್ನ ನಾಲ್ಕಕ್ಕೆ ಹೋದರೆ ಯಾರೋ ಒಬ್ಬರು ಪೇಪರ್ ಓದುತ್ತಾ ಕೂತಿರುತ್ತಾರೆ. ಬಾಗಿಲ ಹೊರಗೆ ನಿಂತು ಕೈ ಹಿಡಿದು ಒಳಗೆ ಕರೆಯುವವರು ಇರುವುದಿಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಕೇಳಿದರೆ ನಾನು ಗ್ಲಾಸ್ನೆವಿನ್‌ನ ಜಾನ್ ಕವನಾಗ್ ಅಂತೀನಿ. 1833ರಿಂದ ಒಂದೇ ಮನೆತನದವರು ನಡೆಸಿಕೊಂಡು ಬಂದಿರುವ ಪಬ್. ಗೋಡೆಗೆ ಹೊಂದಿಕೊಂಡೇ ದೊಡ್ಡ ಸ್ಮಶಾನ ಇದೆ. ಹಾಗಾಗಿ ಜನರ ಬಾಯಲ್ಲಿ ಅದರ ಹೆಸರು 'ಗ್ರೇವ್‌ಡಿಗರ್ಸ್', ಅಂದ್ರೆ ಗುಂಡಿ ತೋಡುವವರು. ಹಿಂದೆ ಗುಂಡಿ ತೋಡುವವರು ಸ್ಮಶಾನದ ಕಡೆಯಿಂದ ಗೋಡೆಗೆ ಸಲಿಕೆಯಲ್ಲಿ ತಟ್ಟಿ ಪೈಂಟ್ ತರಿಸಿಕೊಳ್ಳುತ್ತಿದ್ದರು ಅಂತ ಕತೆ ಹೇಳ್ತಾರೆ. ಟಿವಿ ಇಲ್ಲ, ಹಾಡಿಲ್ಲ. ಬರೀ ಮಾತು. ಊರ ನಡುವೆಯೇ ಬೇಕು ಅಂದ್ರೆ ಪೂಲ್‌ಬೆಗ್ ಸ್ಟ್ರೀಟಿನ ಮುಲಿಗನ್ಸ್, ಸೌತ್ ಆ್ಯನ್ ಸ್ಟ್ರೀಟಿನ ಕೀಹೋಸ್, ಸೌತ್ ವಿಲಿಯಂ ಸ್ಟ್ರೀಟಿನ ಗ್ರೋಗನ್ಸ್ ಇವೆ.

ಡಬ್ಲಿನ್ ಬಿಟ್ಟು ಹೊರಗೆ ಹೋದರೆ ಇನ್ನೂ ಮಜಾ. ಹಿಂದೆ ಸಣ್ಣ ಊರುಗಳಲ್ಲಿ ಪಬ್ ಅಂದ್ರೆ ಬರೀ ಪಬ್ ಅಲ್ಲ. ಒಂದು ಕಡೆ ದಿನಸಿ ಅಂಗಡಿ, ಇನ್ನೊಂದು ಕಡೆ ಪಬ್. ಡಬ್ಲಿನ್ನಿನ ಕೀಹೋಸ್‌ನಲ್ಲೂ ಆ ಕಾಲದ ಟೀ, ಮಸಾಲೆ ಡ್ರಾಯರ್‌ಗಳು ಈಗಲೂ ಇವೆ. ಡಿಂಗಲ್ ಅನ್ನುವ ಕಡಲ ತೀರದ ಊರಲ್ಲಿ ಫಾಕ್ಸಿ ಜಾನ್ಸ್ ಅಂತ ಒಂದಿದೆ. ಒಂದು ಕೌಂಟರ್‌ನಲ್ಲಿ ಮೊಳೆ, ಸುತ್ತಿಗೆ. ಎದುರಿನ ಕೌಂಟರ್‌ನಲ್ಲಿ ಬಿಯರ್. ಟಿಪ್ಪರೇರಿಯ ಫೆದರ್ಡ್ ಊರಿನ ಮೆಕಾರ್ಥೀಸ್‌ನವರು ಪಬ್ ಜೊತೆಗೆ ಅಂತ್ಯಸಂಸ್ಕಾರದ ಏರ್ಪಾಟೂ ಮಾಡ್ತಾರೆ. ನಗಬೇಡಿ. 19ನೇ ಶತಮಾನದಲ್ಲಿ ಶವ ಇಡಲು ತಣ್ಣಗಿನ ನೆಲಮಾಳಿಗೆ ಇರುತ್ತಿದ್ದದ್ದೇ ಪಬ್‌ನಲ್ಲಿ. ಹಾಗೆ ಆ ಎರಡೂ ಕಸುಬು ಒಂದೇ ಮನೆಗೆ ಸೇರಿದವು.

ಯಾವಾಗ ಹೋಗಬೇಕು

ಮೊದಲ ಸಲಕ್ಕೆ ಶನಿವಾರ ರಾತ್ರಿ ಬೇಡ. ನಿಲ್ಲಲೂ ಜಾಗ ಇರುವುದಿಲ್ಲ, ಮಾತೂ ಕೇಳಿಸುವುದಿಲ್ಲ. ಮಂಗಳವಾರ ಸಂಜೆ ಐದೂವರೆ, ಇಲ್ಲವೇ ಭಾನುವಾರ ಮಧ್ಯಾಹ್ನ ಚೆನ್ನಾಗಿರುತ್ತೆ. ಸಾಮಾನ್ಯವಾಗಿ ಸೋಮವಾರದಿಂದ ಗುರುವಾರ ಬೆಳಗ್ಗೆ 10.30ರಿಂದ ರಾತ್ರಿ 11.30, ಶುಕ್ರವಾರ ಮತ್ತು ಶನಿವಾರ ರಾತ್ರಿ 12.30ರವರೆಗೆ, ಭಾನುವಾರ ಮಧ್ಯಾಹ್ನ 12.30ರಿಂದ ರಾತ್ರಿ 11 ಗಂಟೆಯವರೆಗೆ ಪಬ್ ತೆರೆಯಲು ಕಾನೂನು ಬಿಡುತ್ತೆ. ಹಳ್ಳಿಗಳಲ್ಲಿ ಮಾಲೀಕರಿಗೆ ಮನಸ್ಸು ಬಂದಾಗ ಬಾಗಿಲು ತೆಗೆಯುವುದೂ ಉಂಟು. ಕ್ರಿಸ್‌ಮಸ್ ದಿನ ಮುಚ್ಚಿರುತ್ತೆ. ಗುಡ್ ಫ್ರೈಡೇ ದಿನವೂ ಮುಚ್ಚಬೇಕಿತ್ತು. ಆ ಕಟ್ಟು 2018ರಲ್ಲಿ ಹೋಯಿತು.

ಕುಡಿಯಲು 18 ತುಂಬಿರಬೇಕು. ನೋಡಲು ಚಿಕ್ಕವರ ಹಾಗಿದ್ದರೆ ಗುರುತಿನ ಚೀಟಿ ಇಟ್ಟುಕೊಳ್ಳಿ. ಮಕ್ಕಳನ್ನು ಕರೆದುಕೊಂಡು ಹೋಗಬಹುದು. ನಮ್ಮವರಿಗೆ ಇದು ವಿಚಿತ್ರ ಅನ್ನಿಸುತ್ತೆ, ಆದರೆ ಮಧ್ಯಾಹ್ನದ ಪಬ್‌ನಲ್ಲಿ ಅಜ್ಜ, ಮೊಮ್ಮಗಳು, ನಾಯಿ ಎಲ್ಲರೂ ಒಂದೇ ಮೇಜಿನಲ್ಲಿ ಇರ್ತಾರೆ. ರಾತ್ರಿ 9ಕ್ಕೆ ಮಾತ್ರ ಮಕ್ಕಳನ್ನು ಎಬ್ಬಿಸಿಕೊಂಡು ಹೊರಡಬೇಕು. ಮೇನಿಂದ ಸೆಪ್ಟೆಂಬರ್‌ವರೆಗೆ ಅದು 10.

ಒಳಗೆ ಹೋದ ಮೇಲೆ

ಬಾಗಿಲಲ್ಲಿ ನಿಂತು ಯಾರಾದರೂ ಬಂದು ಕೂರಿಸಲಿ ಅಂತ ಕಾಯಬೇಡಿ. ಯಾರೂ ಬರುವುದಿಲ್ಲ. ಖಾಲಿ ಇರುವ ಕಡೆ ನೀವೇ ಕೂರಬೇಕು. ಆದರೆ ಕೌಂಟರ್ ತುದಿಯ ಖಾಲಿ ಸ್ಟೂಲು ಕಂಡರೆ ಹುಷಾರು. ಅದು ಇಪ್ಪತ್ತು ವರ್ಷದಿಂದ ಯಾರದ್ದೋ ಜಾಗ ಆಗಿರಬಹುದು. ಸಂಗೀತದವರ ಮೂಲೆಯೂ ಹಾಗೆಯೇ. "ಇಲ್ಲಿ ಯಾರಾದರೂ ಇದ್ದಾರಾ?" ಅಂತ ಕೇಳಿ ಕೂತರೆ ಮರ್ಯಾದೆ. ಅಲ್ಲಿಂದಲೇ ಮಾತೂ ಶುರುವಾಗುತ್ತೆ.

ಕೆಲವು ಹಳೆಯ ಪಬ್‌ಗಳಲ್ಲಿ ಬಾಗಿಲಿರುವ ಪುಟ್ಟ ಕೋಣೆ ಇರುತ್ತೆ. ಅದು ಸ್ನಗ್. ಐದಾರು ಜನ ಹಿಡಿಸುವಷ್ಟು ಜಾಗ, ಕೌಂಟರ್ ಕಡೆಗೆ ಒಂದು ಕಿಂಡಿ. ಹಿಂದೆ ಹೆಂಗಸರು, ಪಾದ್ರಿಗಳು, ಪೊಲೀಸರು ಹೀಗೆ ಕುಡಿಯುವುದು ಜನರ ಕಣ್ಣಿಗೆ ಬೀಳಬಾರದು ಅನ್ನುವವರೆಲ್ಲ ಅಲ್ಲಿ ಕೂರುತ್ತಿದ್ದರು. 1970ರ ದಶಕದಲ್ಲೂ ಹೆಂಗಸರಿಗೆ ಪೈಂಟ್ ಕೊಡುವುದಿಲ್ಲ ಅನ್ನುತ್ತಿದ್ದ ಪಬ್‌ಗಳಿದ್ದವು. ಅರ್ಧ ಗ್ಲಾಸು ಬೇಕಾದರೆ ತಗೊಳ್ಳಿ, ಪೂರ್ತಿ ಬೇಡ ಅನ್ನುವ ನ್ಯಾಯ! ಈಗ ಅದೇನಿಲ್ಲ. ನನ್ನ ಹೆಂಡತಿ ಒಬ್ಬಳೇ ಪುಸ್ತಕ ಹಿಡಿದುಕೊಂಡು ಹೋಗಿ ಎರಡು ಗಂಟೆ ಕೂತು ಬರ್ತಾಳೆ. ಬ್ಯಾಗಟ್ ಸ್ಟ್ರೀಟಿನ ಟೋನರ್ಸ್‌ನ ಸ್ನಗ್ ತುಂಬ ಹೆಸರುವಾಸಿ. ಖಾಲಿ ಸಿಕ್ಕರೆ ಆವತ್ತು ನಿಮ್ಮ ಅದೃಷ್ಟ ಚೆನ್ನಾಗಿದೆ ಅಂತ.

ಒಳಗೆ ಸಿಗರೇಟು ಹಚ್ಚುವ ಹಾಗಿಲ್ಲ. ಕೆಲಸದ ಜಾಗಗಳಲ್ಲೆಲ್ಲ ಧೂಮಪಾನ ನಿಷೇಧಿಸಿದ ಮೊದಲ ದೇಶವೇ ಐರ್ಲೆಂಡ್, 2004ರ ಮಾರ್ಚ್ 29ರಿಂದ. ಸೇದುವವರು ಹೊರಗಿನ ಜಾಗಕ್ಕೆ ಹೋಗ್ತಾರೆ. ಅರ್ಧ ಒಳ್ಳೆಯ ಹರಟೆ ನಡೆಯುವುದೂ ಅಲ್ಲೇ.

ಟಾಯ್ಲೆಟ್ ಬಾಗಿಲ ಮೇಲೆ ಐರಿಶ್ ಭಾಷೆಯಲ್ಲಿ ಬರೆದಿದ್ದರೆ ಮೊದಲ ಅಕ್ಷರ ನೋಡಿ ನುಗ್ಗಬೇಡಿ. ಎಫ್ ಅಕ್ಷರದಿಂದ ಶುರುವಾಗುವ 'ಫಿರ್' ಅಂದ್ರೆ ಗಂಡಸರು. ಎಂ ಅಕ್ಷರದಿಂದ ಶುರುವಾಗುವ 'ಮ್ನಾ' ಅಂದ್ರೆ ಹೆಂಗಸರು. ಎಂ ಅಂದ್ರೆ ಮೆನ್ ಅಂದುಕೊಂಡು ಒಳಗೆ ಹೋದವರಲ್ಲಿ ನಾನೂ ಒಬ್ಬ.

ಕೌಂಟರ್‌ನಲ್ಲಿ ಕೇಳುವುದು

ಮೇಜಿಗೆ ಬಂದು ಏನು ಬೇಕು ಅಂತ ಕೇಳುವ ಪದ್ಧತಿ ಹೆಚ್ಚಿನ ಕಡೆ ಇಲ್ಲ. ನೀವೇ ಕೌಂಟರ್‌ಗೆ ಹೋಗಬೇಕು. ಅಲ್ಲಿ ಸಾಲು ಇರುವುದಿಲ್ಲ. ನೋಡಿದರೆ ಸಂತೆ ಅನ್ನಿಸುತ್ತೆ. ಆದರೆ ಯಾರ ಹಿಂದೆ ಯಾರು ಬಂದರು ಅನ್ನುವುದು ಬಾರ್‌ಮನ್ ತಲೆಯಲ್ಲಿ ಪೂರ್ತಿ ದಾಖಲಾಗಿರುತ್ತೆ. ನೀವು ಕೌಂಟರ್ ಮೇಲೆ ಕೈಯಿಟ್ಟು ನಿಂತು, ಅವರು ನೋಡಿದಾಗ ಒಮ್ಮೆ ತಲೆ ಆಡಿಸಿದರೆ ಸಾಕು. ಚಿಟಿಕೆ ಹೊಡೆಯುವುದು, ನೋಟು ಆಡಿಸುವುದು, "ಬಾಸ್" ಅಂತ ಕೂಗುವುದು ಬೇಡ. ಅದರಿಂದ ನಿಮ್ಮ ಪಾಳಿ ಹಿಂದಕ್ಕೆ ಹೋಗುತ್ತೆ ಅಷ್ಟೆ. ಅಕಸ್ಮಾತ್ ಪಕ್ಕದವರಿಗಿಂತ ಮೊದಲು ನಿಮ್ಮನ್ನೇ ಕೇಳಿದರೆ, "ಇವರು ನನಗಿಂತ ಮುಂಚೆ ಬಂದಿದ್ದು" ಅಂತ ಹೇಳಿ. ಆ ಒಂದು ಮಾತಿಗೆ ಇಬ್ಬರಿಗೂ ನೀವು ಬೇಕಾದವರಾಗ್ತೀರಿ.

ತಂದ ಕೂಡಲೇ ದುಡ್ಡು ಕೊಡುವುದು ವಾಡಿಕೆ. ಕಾರ್ಡ್ ನಡೆಯುತ್ತೆ, ಹಳ್ಳಿ ಕಡೆ ಹೋಗುವಾಗ ಸ್ವಲ್ಪ ನಗದೂ ಇರಲಿ. ಕೌಂಟರ್‌ನಲ್ಲಿ ಟಿಪ್ಸ್ ಕೊಡಬೇಕಿಲ್ಲ.

ಗಿನ್ನೆಸ್ ಅನ್ನುವ ಇಲ್ಲಿನ ಬಿಯರ್ ಬಗ್ಗೆ ಒಂದಿಷ್ಟು ಹೇಳಲೇಬೇಕು. ಆರ್ಥರ್ ಗಿನ್ನೆಸ್ 1759ರಲ್ಲಿ ಡಬ್ಲಿನ್‌ನ ಸೇಂಟ್ ಜೇಮ್ಸ್ ಗೇಟ್ ಜಾಗವನ್ನು ವರ್ಷಕ್ಕೆ 45 ಪೌಂಡಿನಂತೆ 9,000 ವರ್ಷಕ್ಕೆ ಗುತ್ತಿಗೆ ಹಿಡಿದ. ಬೆಂಗಳೂರಿನಲ್ಲಿ 11 ತಿಂಗಳ ಬಾಡಿಗೆ ಕರಾರಿಗೆ ಒದ್ದಾಡಿದವರಿಗೆ ಇದರ ಬೆಲೆ ಗೊತ್ತು. ಬಿಯರ್ ಅಂದ ಕೂಡಲೇ ನಮಗೆ ನೆನಪಾಗುವ ಹಳದಿ ಬಣ್ಣದ್ದಲ್ಲ ಇದು. ಹುರಿದ ಬಾರ್ಲಿಯಿಂದ ಬಂದ ಕಪ್ಪು, ಸ್ವಲ್ಪ ಕಹಿ, ಡಿಕಾಕ್ಷನ್ ನೆನಪಿಸುವ ಪರಿಮಳ. ನೋಡಲು ಗಟ್ಟಿಯಾಗಿ ಕಂಡರೂ ಮದ್ಯದ ಪ್ರಮಾಣ ಶೇ. 4ಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ.

ಇದನ್ನು ಎರಡು ಸಲ ಸುರಿಯುತ್ತಾರೆ. ಗ್ಲಾಸನ್ನು ಓರೆಯಾಗಿ ಹಿಡಿದು ಮುಕ್ಕಾಲು ಭಾಗ ತುಂಬಿಸಿ, ಪಕ್ಕಕ್ಕಿಟ್ಟು ಬೇರೆ ಕೆಲಸ ನೋಡ್ತಾರೆ. ಗ್ಲಾಸಿನೊಳಗೆ ಕಂದು ಮೋಡ ಎದ್ದು, ಗುಳ್ಳೆಗಳು ಅಂಚಿನಲ್ಲಿ ಕೆಳಗಿಳಿಯುತ್ತಿರುವಂತೆ ಕಾಣುತ್ತೆ. ನಿಜವಾಗಿಯೂ ಇಳಿಯುತ್ತವೆ. ಗ್ಲಾಸಿನ ಆಕಾರದಿಂದ ನಡುವೆ ಏರುವ ಹರಿವು ಅಂಚಿನಲ್ಲಿ ಇಳಿದು, ನೈಟ್ರೋಜನ್‌ನ ಸಣ್ಣ ಗುಳ್ಳೆಗಳನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತೆ. ಮೋಡ ತಿಳಿಯಾದ ಮೇಲೆ ಉಳಿದದ್ದನ್ನು ತುಂಬಿಸಿ ಕೊಡ್ತಾರೆ. ಎರಡು ನಿಮಿಷದ ಹತ್ತಿರ ಆಗುತ್ತೆ. ಮೊದಲ ಸಲ ನಾನು ಮುಕ್ಕಾಲು ತುಂಬಿದ ಗ್ಲಾಸಿಗೇ ಕೈ ಹಾಕಿದ್ದೆ. ಬಾರ್‌ಮನ್ ಏನೂ ಅನ್ನಲಿಲ್ಲ, ಮೆಲ್ಲಗೆ ಗ್ಲಾಸನ್ನು ಇನ್ನೂ ಒಂದು ಗೇಣು ದೂರ ಸರಿಸಿದರು. ಹಲವು ಪಾನೀಯ ಹೇಳುವಾಗ ಗಿನ್ನೆಸ್ ಮೊದಲು ಹೇಳಿ. ಅದು ತಿಳಿಯಾಗುವಷ್ಟರಲ್ಲಿ ಉಳಿದವು ಸಿದ್ಧವಾಗಿರುತ್ತವೆ.

ಪೈಂಟ್ ಅಂದ್ರೆ 568 ಮಿಲಿ. ಮೊದಲ ಸಲಕ್ಕೆ ಅಷ್ಟು ಬೇಡ ಅನ್ನಿಸಿದರೆ "ಎ ಗ್ಲಾಸ್" ಅನ್ನಿ. ಇಲ್ಲಿ ಗ್ಲಾಸ್ ಅಂದ್ರೆ ಅರ್ಧ ಪೈಂಟ್. ಸಸ್ಯಾಹಾರಿಗಳಿಗೆ ಒಂದು ಮಾತು: ಹಿಂದೆ ಗಿನ್ನೆಸ್ ತಿಳಿಗೊಳಿಸಲು ಮೀನಿನ ಗಾಳಿಚೀಲದಿಂದ ಬಂದ ಪದಾರ್ಥ ಬಳಸುತ್ತಿದ್ದರು. ಈಗ ಬಳಸುವುದಿಲ್ಲ. ಕಾರ್ಕ್ ಊರಿಗೆ ಹೋದರೆ ಗಿನ್ನೆಸ್ ಕೇಳದೆ ಅಲ್ಲಿನ ಮರ್ಫೀಸ್ ಅಥವಾ ಬೀಮಿಶ್ ಕೇಳಿ. ಡಬ್ಲಿನ್ನಿನ ಬಿಯರ್ ಹೊಗಳಿ ಕಾರ್ಕಿನವರ ಹೊಟ್ಟೆ ಉರಿಸಬೇಡಿ.

ವಿಸ್ಕಿ ಬೇಕಾದವರಿಗೆ ಪವರ್ಸ್, ಜೇಮ್ಸನ್, ರೆಡ್‌ಬ್ರೆಸ್ಟ್ ಎಲ್ಲ ಇವೆ. ಅಳತೆ 35.5 ಮಿಲಿ, ನಮ್ಮ 30-60ರ ಲೆಕ್ಕ ಇಲ್ಲಿಲ್ಲ. ನೆಗಡಿಯಾಗಿದ್ದರೆ ಹಾಟ್ ವಿಸ್ಕಿ ಕೇಳಿ. ಬಿಸಿನೀರು, ಸಕ್ಕರೆ, ಲವಂಗ ಚುಚ್ಚಿದ ನಿಂಬೆ ಹೋಳು. ಅಜ್ಜಿ ಮಾಡುತ್ತಿದ್ದ ಕಷಾಯಕ್ಕೆ ಸ್ವಲ್ಪ ದಾರಿ ತಪ್ಪಿದ ತಮ್ಮ ಅನ್ನಿ.

ರೌಂಡ್: ಇದೊಂದನ್ನು ಚೆನ್ನಾಗಿ ಓದಿ

ನಾವು ಬೈಟೂ ಕಾಫಿಯವರು. ಒಂದನ್ನು ಇಬ್ಬರು ಹಂಚಿಕೊಂಡು ಸ್ನೇಹ ತೋರಿಸ್ತೀವಿ. ಐರಿಶ್ ಜನ ಸ್ನೇಹ ತೋರಿಸುವುದು ಉಲ್ಟಾ. ನಾಲ್ಕು ಜನ ಇದ್ದರೆ ಒಬ್ಬೊಬ್ಬರೂ ಒಂದೊಂದು ಸಲ ನಾಲ್ವರಿಗೂ ತರ್ತಾರೆ. ಅದೇ ರೌಂಡ್. ಕೊನೆಗೆ ಲೆಕ್ಕ ಹಾಕಿದರೆ ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ ಖರ್ಚು. ಹಾಗಾದರೆ ಅವರವರದು ಅವರವರು ತಗೊಂಡರೆ ಏನಾಗುತ್ತೆ ಅಂತ ನಾನೂ ಕೇಳಿದ್ದೆ. ಏನೂ ಆಗಲ್ಲ, ಬರೀ ಕುಡಿದ ಹಾಗಾಗುತ್ತೆ, ಅಂದ ಒಬ್ಬ ಸಹೋದ್ಯೋಗಿ.

ಹೇಗೆ ನಡೆದುಕೊಳ್ಳಬೇಕು ಅಂದ್ರೆ:

ಯಾರಾದರೂ "ಏನು ತಗೋತೀಯ?" ಅಂತ ಕೇಳಿ, ನೀವು ಹೇಳಿದಿರಿ ಅಂದ್ರೆ ರೌಂಡ್‌ನಲ್ಲಿ ಸೇರಿದ ಹಾಗೆ. ದುಡ್ಡು ಚಾಚಬೇಡಿ. ಥ್ಯಾಂಕ್ಸ್ ಅನ್ನಿ, ಮುಂದಿನದು ನನ್ನದು ಅನ್ನಿ.

ನಿಮ್ಮ ಪಾಳಿ ಬಂತು ಅಂತ ಯಾರೂ ಹೇಳುವುದಿಲ್ಲ. ಬೇಗ ಕುಡಿಯುವವರ ಗ್ಲಾಸಿನಲ್ಲಿ ಕಾಲು ಭಾಗ ಉಳಿದಾಗ ನೀವೇ ಎದ್ದು "ಅದೇನಾ ಎಲ್ಲರಿಗೂ?" ಅಂತ ಕೇಳಬೇಕು. ಎಲ್ಲರ ಗ್ಲಾಸೂ ಒಣಗಿ, ನಿಮ್ಮ ಮುಖ ನೋಡುವ ಸ್ಥಿತಿ ತರಬೇಡಿ.

ಜಾಸ್ತಿ ಹೊತ್ತು ಇರಲಾಗುವುದಿಲ್ಲ ಅಂದ್ರೆ ಮೊದಲ ರೌಂಡ್ ನೀವೇ ತಂದುಬಿಡಿ. ಆಮೇಲೆ ಯಾವಾಗ ಬೇಕಾದರೂ ಎದ್ದು ಹೋಗಬಹುದು, ಋಣ ಇಲ್ಲ. ಇಲ್ಲವೇ ಬಂದ ಕೂಡಲೇ "ನಾನು ಒಂದಕ್ಕೆ ಮಾತ್ರ, ನನ್ನದು ನಾನೇ ತಗೋತೀನಿ" ಅಂತ ಹೇಳಿಬಿಡಿ. ಯಾರೂ ತಪ್ಪು ತಿಳಿಯಲ್ಲ. ತಪ್ಪಾಗುವುದು ಮೂರು ಕುಡಿದು ಬಸ್ಸು ನೆನಪಾದಾಗ.

ಎಂಟು ಹತ್ತು ಜನ ಇದ್ದರೆ ಒಂದೇ ರೌಂಡ್‌ಗೆ ಸೇರಬೇಡಿ. ಹತ್ತು ಪೈಂಟ್ ಕುಡಿಯುವ ಕರಾರಿಗೆ ಸಹಿ ಹಾಕಿದ ಹಾಗಾಗುತ್ತೆ. ಮೂವರು ಮೂವರಾಗಿ ಒಡೆದುಕೊಳ್ಳಿ. ಮಧ್ಯೆ ಸಾಕು ಅನ್ನಿಸಿದರೆ ಆ ಸುತ್ತಿಗೆ ಸೋಡಾನೋ ನೀರೋ ಕೇಳಿ. ಪಾಳಿ ತಪ್ಪದಿದ್ದರೆ ಆಯ್ತು, ಗ್ಲಾಸಿನಲ್ಲಿ ಏನಿದೆ ಅನ್ನುವುದು ಮುಖ್ಯ ಅಲ್ಲ.

ಕುಡಿಯದವರು

ಹಾಗಂತ ಕುಡಿಯದವರು ಪಬ್‌ಗೆ ಹೋಗಬಾರದು ಅಂತೇನಿಲ್ಲ. ಮದ್ಯ ಮುಟ್ಟದವರ ಹಳೆಯ ಪರಂಪರೆಯೇ ಈ ದೇಶದಲ್ಲಿದೆ. 1838ರಲ್ಲಿ ಕಾರ್ಕ್‌ನ ಫಾದರ್ ಮ್ಯಾಥ್ಯೂ ಅನ್ನುವ ಪಾದ್ರಿ ಜನರಿಂದ ಕುಡಿಯುವುದಿಲ್ಲ ಅಂತ ಪ್ರಮಾಣ ಮಾಡಿಸಲು ಶುರು ಮಾಡಿದ. ಲಕ್ಷಾಂತರ ಜನ ಪ್ರಮಾಣ ಮಾಡಿದರು. 1898ರಲ್ಲಿ ಶುರುವಾದ 'ಪಯನಿಯರ್' ಸಂಘದವರು ತೊಟ್ಟ ಕೋಟ್‌ಗೆ ಒಂದು ಪುಟ್ಟ ಪಿನ್ ಚುಚ್ಚಿಕೊಳ್ತಾರೆ. ಆ ಪಿನ್ ಕಂಡರೆ ಅವರಿಗೆ ಮದ್ಯ ಬೇಕಾ ಅಂತ ಕೇಳುವ ಹಾಗಿಲ್ಲ.

ಹಾಗಾಗಿ ಕುಗ್ಗಬೇಡಿ. ಕ್ಲಬ್ ಆರೆಂಜ್, ಮೈವಾಡಿ ಅನ್ನುವ ಶರಬತ್ತು, ರೆಡ್ ಲೆಮನೇಡ್ ಇವೆ. ಮದ್ಯವಿಲ್ಲದ ಗಿನ್ನೆಸ್ 0.0 ಈಗ ಹೆಚ್ಚುಕಡಿಮೆ ಎಲ್ಲ ಕಡೆ ಸಿಗುತ್ತೆ. ನನ್ನ ಅಪ್ಪ ಬಂದಿದ್ದಾಗ ಒಂದು ಪಾಟ್ ಟೀ ಹೇಳಿದೆವು. ಹಾಲು, ಸಕ್ಕರೆ ಬೇರೆ ಬೇರೆ ಬಂತು, ಜತೆಗೆ ಒಂದು ಬಿಸ್ಕತ್ತು. "ಇಷ್ಟು ಗಟ್ಟಿ ಟೀ ನಮ್ಮೂರಲ್ಲೂ ಸಿಗಲ್ಲ" ಅಂತ ಅಪ್ಪ ಎರಡು ಸಲ ಹಾಕಿಸಿಕೊಂಡರು. ಐರಿಶ್ ಕಾಫಿ ಮಾತ್ರ ಕಾಫಿ ಅಂದುಕೊಂಡು ಕೊಡಿಸಬೇಡಿ, ಅದರಲ್ಲಿ ವಿಸ್ಕಿ ಇರುತ್ತೆ.

ಹೊಟ್ಟೆಗೆ

ಎಲ್ಲ ಪಬ್‌ನಲ್ಲೂ ಊಟ ಇರುವುದಿಲ್ಲ. ಇರುವ ಕಡೆಯೂ ಸಂಜೆ ಎಂಟೊಂಬತ್ತಕ್ಕೆ ಅಡುಗೆಮನೆ ಮುಚ್ಚುವುದುಂಟು. ಏನೂ ಇಲ್ಲದಿದ್ದರೂ ಟೇಟೋ ಅನ್ನುವ ಬ್ರ್ಯಾಂಡಿನ ಚಿಪ್ಸ್ ಇರುತ್ತೆ. ಇಲ್ಲಿ ಅದಕ್ಕೆ ಕ್ರಿಸ್ಪ್ಸ್ ಅಂತಾರೆ, ಚಿಪ್ಸ್ ಅಂದ್ರೆ ಬಿಸಿ ಆಲೂಗಡ್ಡೆ ಫ್ರೈ. ಚೀಸ್-ಈರುಳ್ಳಿ ಪೊಟ್ಟಣವನ್ನು ಹರಿದು, ಪೂರ್ತಿ ಬಿಡಿಸಿ, ಮೇಜಿನ ನಡುವೆ ಇಡಿ. ಎಲ್ಲರೂ ಕೈ ಹಾಕ್ತಾರೆ. ಒಬ್ಬರೇ ಮಡಿಲಲ್ಲಿಟ್ಟುಕೊಂಡು ತಿನ್ನಬೇಡಿ.

ಟೋಸ್ಟೆಡ್ ಸ್ಪೆಷಲ್ ಅಂದ್ರೆ ಹ್ಯಾಮ್ (ಹಂದಿ ಮಾಂಸ), ಚೀಸ್, ಟೊಮೆಟೊ, ಈರುಳ್ಳಿ ಇಟ್ಟು ಸುಟ್ಟ ಸ್ಯಾಂಡ್‌ವಿಚ್. ಹ್ಯಾಮ್ ಬೇಡ ಅಂದ್ರೆ ಹಾಕದೆ ಕೊಡ್ತಾರೆ. ತರಕಾರಿ ಸೂಪು ಮತ್ತು ಬ್ರೌನ್ ಬ್ರೆಡ್ ಒಳ್ಳೆಯದು, ಆದರೆ ಸೂಪಿಗೆ ಕೋಳಿ ಸಾರು ಹಾಕಿದ್ದಾರಾ ಅಂತ ಕೇಳಿಕೊಳ್ಳಿ. ಚಿಪ್ಸನ್ನು ದನದ ಕೊಬ್ಬಿನಲ್ಲಿ ಕರಿಯುವ ಕಡೆಯೂ ಇದೆ, ಅದನ್ನೂ ಕೇಳಿ. ಬ್ಲ್ಯಾಕ್ ಪುಡ್ಡಿಂಗ್ ಅನ್ನುವುದು ಸಿಹಿ ಅಲ್ಲ. ಹಂದಿ ರಕ್ತದಲ್ಲಿ ಮಾಡಿದ್ದು.

ಮಾತು

ಪಬ್‌ಗೆ ಹೋಗುವುದೇ ಇದಕ್ಕೆ. 'ಕ್ರ್ಯಾಕ್' ಅನ್ನುವ ಪದ ಕೇಳ್ತೀರಿ. ಅದೇನೋ ಮಾದಕ ವಸ್ತು ಅಂತ ಗಾಬರಿ ಬೇಡ. ಹರಟೆ, ನಗು, ಮಜಾ ಎಲ್ಲ ಸೇರಿದ ಪದ ಅದು. "ವಾಟ್ಸ್ ದ ಕ್ರ್ಯಾಕ್?" ಅಂದ್ರೆ "ಏನ್ ಸಮಾಚಾರ?". "ಗ್ರ್ಯಾಂಡ್" ಅಂದ್ರೆ ಭವ್ಯ ಅಂತಲ್ಲ, "ಹ್ಞೂಂ, ಪರವಾಗಿಲ್ಲ". "ಯರ್ ಮ್ಯಾನ್" ಅಂದ್ರೆ ನಿಮ್ಮ ಗಂಡ ಅಲ್ಲ, "ಆ ವಯ್ಯ". ಗ್ಲಾಸ್ ಎತ್ತುವಾಗ "ಸ್ಲಾಂಚ" ಅನ್ನಿ. ಆರೋಗ್ಯ ಅಂತ ಅರ್ಥ.

ಹವಾಮಾನದಿಂದ ಶುರು ಮಾಡಿ. ದಿನಕ್ಕೆ ನಾಲ್ಕು ಸಲ ಬದಲಾಗುವುದರಿಂದ ವಿಷಯಕ್ಕೆ ಬರ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರು ನಿಮ್ಮ ಕಾಲೆಳೆಯಲು ಶುರು ಮಾಡಿದರೆ ಬೇಜಾರಾಗಬೇಡಿ, ಖುಷಿ ಪಡಿ. ಇದಕ್ಕೆ 'ಸ್ಲ್ಯಾಗಿಂಗ್' ಅಂತಾರೆ. ಇಷ್ಟ ಆದವರನ್ನೇ ಅವರು ಕಾಲೆಳೆಯುವುದು. ಅತಿಯಾಗಿ ವಿನಯ ತೋರಿಸ್ತಿದ್ದಾರೆ ಅಂದ್ರೆ ನೀವು ಇನ್ನೂ ಹೊರಗಿನವರು ಅಂತ. ನೀವೂ ತಿರುಗಿ ಎಳೆಯಬಹುದು, ಅದು ನಿಮ್ಮ ಪಾಳಿ. ಒಬ್ಬರೇ ಅರ್ಧ ಗಂಟೆ ನಿಮ್ಮ ಪ್ರಾಜೆಕ್ಟಿನ ಬಗ್ಗೆ ಮಾತಾಡಿದರೆ ಮಾತ್ರ ಯಾರೂ ಕ್ಷಮಿಸುವುದಿಲ್ಲ.

ಇನ್ನೊಂದು ನಮಗೆ ಚೆನ್ನಾಗಿ ಗೊತ್ತಿರುವ ಪದ್ಧತಿ ಇಲ್ಲೂ ಇದೆ. ಏನಾದರೂ ಕೊಡ್ತೀನಿ ಅಂದ್ರೆ ಮೊದಲು ಬೇಡ ಅನ್ನಬೇಕು. ಎರಡನೇ ಸಲವೂ "ಬೇಡ ಬೇಡ" ಅನ್ನಬೇಕು. ಮೂರನೇ ಸಲ "ಹಾಗಾದ್ರೆ ಸ್ವಲ್ಪ" ಅನ್ನಬೇಕು. ನಮ್ಮ ಮದುವೆಮನೆ ಪಂಕ್ತಿಯಲ್ಲಿ ಪಾಯಸ ಹಾಕಿಸಿಕೊಂಡವರಿಗೆ ಇದನ್ನು ಕಲಿಸಬೇಕಿಲ್ಲ.

ಕೆಲವು ಮಾತು ಆಡಬೇಡಿ. ಐರ್ಲೆಂಡ್ ಗಣರಾಜ್ಯವನ್ನು ಇಂಗ್ಲೆಂಡಿನ ಭಾಗ, ಯುಕೆಯ ಭಾಗ ಅನ್ನುವುದು ದೊಡ್ಡ ತಪ್ಪು. ಅವರ ಉಚ್ಚಾರಣೆ ಅಣಕಿಸಬೇಡಿ. 'ಐರಿಶ್ ಕಾರ್ ಬಾಂಬ್' ಅನ್ನುವ ಕಾಕ್‌ಟೇಲ್ ಹೆಸರನ್ನು ಎಲ್ಲೋ ಕೇಳಿದ್ದರೆ ಇಲ್ಲಿ ಬಾಯಿಬಿಡಬೇಡಿ. ಬಾಂಬಿಗೆ ಮನೆಯವರನ್ನು ಕಳೆದುಕೊಂಡವರು ಪಕ್ಕದ ಸ್ಟೂಲಿನಲ್ಲೇ ಕೂತಿರಬಹುದು. 'ಬ್ಲ್ಯಾಕ್ ಅಂಡ್ ಟ್ಯಾನ್' ಅಂತ ಬಿಯರ್ ಬೆರಕೆ ಕೇಳುವುದೂ ಬೇಡ. 1920-21ರಲ್ಲಿ ಬ್ರಿಟಿಷರು ಇಲ್ಲಿ ಛೂ ಬಿಟ್ಟ ಪೊಲೀಸ್ ಪಡೆಯ ಅಡ್ಡಹೆಸರು ಅದು.

ಆ ಪಡೆಯ ಕತೆಗೆ ನಮ್ಮ ದೇಶದ ಕೊಂಡಿಯೂ ಇದೆ. ಅವರ ದೌರ್ಜನ್ಯದ ಸುದ್ದಿ ಕೇಳಿ 1920ರಲ್ಲಿ ಜಲಂಧರ್‌ನಲ್ಲಿದ್ದ ಬ್ರಿಟಿಷ್ ಸೇನೆಯ ಕನ್ನಾಟ್ ರೇಂಜರ್ಸ್ ಅನ್ನುವ ಐರಿಶ್ ಪಡೆಯ ಸೈನಿಕರು ಬ್ರಿಟಿಷರ ವಿರುದ್ಧ ದಂಗೆ ಎದ್ದರು. ಜೇಮ್ಸ್ ಡೇಲಿ ಅನ್ನುವ ಯುವಕನಿಗೆ ದಗ್‌ಶಾಯಿಯಲ್ಲಿ ಮರಣದಂಡನೆ ಆಯಿತು. ನಮ್ಮ ಸಂವಿಧಾನದ ರಾಜ್ಯ ನಿರ್ದೇಶಕ ತತ್ವಗಳಿಗೂ 1937ರ ಐರಿಶ್ ಸಂವಿಧಾನವೇ ಮಾದರಿ. ವಯಸ್ಸಾದವರ ಜೊತೆ ಈ ಮಾತು ತೆಗೆದು ನೋಡಿ. ನನಗಂತೂ ಒಂದು ಸಲ ಡೇಲಿಯ ಹೆಸರು ಹೇಳಿದ್ದಕ್ಕೇ ಪೈಂಟ್ ಸಿಕ್ಕಿದೆ.

ಸೆಷನ್ ಇದ್ದರೆ

ಕೆಲವು ಪಬ್‌ಗಳಲ್ಲಿ ಸಂಜೆ ಮೂಲೆಯ ಮೇಜಿನ ಸುತ್ತ ನಾಲ್ಕೈದು ಜನ ಪಿಟೀಲು, ಕೊಳಲು, ತವರದ ಪೀಪಿ, ಬ್ಯಾಂಜೋ, ಕಾನ್ಸರ್ಟಿನಾ, ಬೌರಾನ್ ಅನ್ನುವ ಆಡಿನ ಚರ್ಮದ ತಮಟೆ ಹಿಡಿದು ಕೂರ್ತಾರೆ. ಇದೇ ಸೆಷನ್. ಊಲ್ಯನ್ ಪೈಪ್ಸ್ ಅಂತ ಮೊಣಕೈಯಲ್ಲಿ ತಿದಿ ಒತ್ತಿ ನುಡಿಸುವ ವಾದ್ಯ ಸಿಕ್ಕರೆ ಭಾಗ್ಯ. ಡಬ್ಲಿನ್‌ನಲ್ಲಿ ಇದಕ್ಕೆ ಸ್ಮಿತ್‌ಫೀಲ್ಡಿನ ಕಾಬಲ್‌ಸ್ಟೋನ್ ಪಬ್‌ಗೆ ಹೋಗಿ. 2021ರಲ್ಲಿ ಅದರ ಮೇಲೆ, ಸುತ್ತ ಹೋಟೆಲ್ ಕಟ್ಟುವ ಯೋಜನೆ ಬಂದಾಗ ಜನ ವಾದ್ಯ ಹಿಡಿದು ಬೀದಿಗಿಳಿದಿದ್ದರು. ನಗರ ಪಾಲಿಕೆ ಅನುಮತಿ ಕೊಡಲಿಲ್ಲ. ಪಶ್ಚಿಮದಲ್ಲಿ ಗಾಲ್ವೇಯ ಟಿಗ್ ಕೋಲಿ, ಡೂಲಿನ್‌ನ ಗಸ್ ಒಕಾನರ್ಸ್, ವೆಸ್ಟ್‌ಪೋರ್ಟಿನ ಮ್ಯಾಟ್ ಮೊಲಾಯ್ಸ್ ಇವೆ.

ಇದು ಕಛೇರಿ ಅಲ್ಲ. ವೇದಿಕೆ ಇಲ್ಲ, ಮೈಕ್ ಇರುವುದು ಕಡಿಮೆ, ನಿಮ್ಮ ಕಡೆ ತಿರುಗಿಯೂ ಕೂತಿರುವುದಿಲ್ಲ. ನಮ್ಮ ಶನಿವಾರದ ಭಜನೆಯ ಹಾಗೆ ಅನ್ನಬಹುದು. ನುಡಿಸುವುದು ಅವರ ಖುಷಿಗೆ, ನೀವು ಪಕ್ಕದಲ್ಲಿ ಇದ್ದೀರಿ ಅಷ್ಟೆ. ಒಬ್ಬರು ರೀಲ್ ಅನ್ನುವ ಕುಣಿತದ ಧಾಟಿಯೊಂದನ್ನು ಎತ್ತಿಕೊಂಡರೆ ಗೊತ್ತಿರುವವರು ಸೇರಿಕೊಳ್ತಾರೆ. ಅದನ್ನು ಎರಡು ಮೂರು ಸಲ ತಿರುಗಿಸಿ, ನಿಲ್ಲಿಸದೆ ಇನ್ನೊಂದಕ್ಕೆ ಜಾರುತ್ತಾರೆ. ಆ ತಿರುವು ಕೊಡುವ ಕ್ಷಣದಲ್ಲಿ ಅವರು ಒಬ್ಬರಿಗೊಬ್ಬರು ಹುಬ್ಬಿನಲ್ಲೇ ಮಾತಾಡುವುದನ್ನು ನೋಡಿ.

ಮಧ್ಯೆ ಮಾತಾಡಬಹುದು, ಆದರೆ ಮೆಲ್ಲಗೆ. ತಾಳ ಹಾಕುವ ಆಸೆ ಆದರೆ ಕಾಲಲ್ಲಿ ಹಾಕಿ, ಕೈ ಚಪ್ಪಾಳೆ ಬೇಡ. ಆ ಹಾಡು ನುಡಿಸಿ, ಈ ಹಾಡು ನುಡಿಸಿ ಅಂತ ಚೀಟಿ ಕಳಿಸಬೇಡಿ. ವಿಡಿಯೋ ತೆಗೆಯುವ ಮುಂಚೆ ಕಣ್ಣಲ್ಲೇ ಕೇಳಿ. ವಾದ್ಯ ತಂದಿದ್ದರೂ ಕರೆಯದೆ ನಡುವೆ ತೂರಬೇಡಿ.

ಯಾರಾದರೂ ಪಕ್ಕವಾದ್ಯ ಇಲ್ಲದೆ ಹಾಡಲು ಶುರು ಮಾಡಿದರೆ ಮಾತ್ರ ಪೂರ್ತಿ ಸುಮ್ಮನಾಗಬೇಕು. ಗ್ಲಾಸ್ ಸದ್ದೂ ಬೇಡ. ಬಾರ್‌ಮನ್ ಕೂಡ ಸುರಿಯುವುದು ನಿಲ್ಲಿಸ್ತಾರೆ. ಹಾಡು ಮುಗಿದ ಮೇಲೆ ಹಾಡಿದವರಿಗೆ ಒಂದು ಹಕ್ಕು ಸಿಗುತ್ತೆ. 'ನೋಬಲ್ ಕಾಲ್' ಅಂತ. ಮುಂದೆ ಯಾರು ಹಾಡಬೇಕು ಅಂತ ಅವರೇ ಹೇಳುವುದು. ಆ ಬೆರಳು ನಿಮ್ಮ ಕಡೆ ತಿರುಗಿದರೆ ಗಂಟಲು ಸರಿ ಇಲ್ಲ ಅನ್ನಬೇಡಿ. ಒಂದು ಜನಪದ ಗೀತೆಯ ಎರಡು ನುಡಿ ಮೊದಲೇ ಬಾಯಿಗೆ ಕೂರಿಸಿಕೊಂಡು ಹೋಗಿ. ಕನ್ನಡ ಯಾರಿಗೂ ಗೊತ್ತಿಲ್ಲದೆ ಇರುವುದರಿಂದ ಸಾಲು ತಪ್ಪಿದರೂ ಗೊತ್ತಾಗುವುದಿಲ್ಲ. ನಾನು ಹೀಗೇ ಒಂದು ಸಲ ಒಂದೇ ನುಡಿಯನ್ನು ಮೂರು ಸಲ ಹಾಡಿ ಮುಗಿಸಿದ್ದೇನೆ.

ಹೊರಡುವಾಗ

ಮುಚ್ಚುವ ಹೊತ್ತಾದಾಗ ದೀಪ ಒಮ್ಮೆ ಆರಿಸಿ ಹಚ್ಚುತ್ತಾರೆ. ಅಷ್ಟರೊಳಗೆ ಕೇಳಿದ್ದರೆ ಸಿಗುತ್ತೆ, ಆಮೇಲೆ ಇಲ್ಲ. ಕೈಯಲ್ಲಿರುವುದನ್ನು ಮುಗಿಸಲು ಅರ್ಧ ಗಂಟೆ ಸಮಯ. "ನಿಮಗೆಲ್ಲ ಮನೆ ಮಠ ಇಲ್ವಾ?" ಅಂತ ಬಾರ್‌ಮನ್ ಕೂಗಿದರೆ ಅದು ಬೈಗುಳ ಅಲ್ಲ, ಪದ್ಧತಿ.

ಖಾಲಿ ಗ್ಲಾಸುಗಳನ್ನು ಕೌಂಟರ್ ಮೇಲೆ ತಂದಿಟ್ಟು, ಬಾರ್‌ಮನ್‌ಗೆ ಥ್ಯಾಂಕ್ಸ್ ಹೇಳಿ. ಗಾಡಿ ಓಡಿಸುವ ಮಾತೇ ಬೇಡ. ರಕ್ತದ 100 ಮಿಲಿಗೆ 50 ಮಿಲಿಗ್ರಾಂ ಮಿತಿ, ಹೊಸದಾಗಿ ಲೈಸೆನ್ಸ್ ತೆಗೆದವರಿಗೆ 20 ಮಾತ್ರ. ಒಂದು ಪೈಂಟಿಗೇ ಆ 20 ದಾಟಬಹುದು. ಕೊನೆಯ ಬಸ್ಸು, ಟ್ರ್ಯಾಮ್ ಎಷ್ಟಕ್ಕೆ ಅಂತ ಒಳಗೆ ಹೋಗುವ ಮುಂಚೆಯೇ ನೋಡಿಟ್ಟುಕೊಳ್ಳಿ.

ಎರಡನೇ ಸಲ ಅದೇ ಪಬ್‌ಗೆ, ಸಾಧ್ಯವಾದರೆ ವಾರದ ಅದೇ ದಿನ, ಅದೇ ಹೊತ್ತಿಗೆ ಹೋಗಿ. ಬೇರೆ ಬೇರೆ ಕಡೆ ಸುತ್ತುವುದಕ್ಕಿಂತ ಇದು ಮೇಲು. ಆವತ್ತು ನನ್ನ ಜೊತೆ ಇದ್ದ ಮೂವರನ್ನು ಎರಡು ವಾರ ಬಿಟ್ಟು ಅಲ್ಲಿಗೇ ಕರೆದುಕೊಂಡು ಹೋದೆ. ಮೊದಲ ರೌಂಡ್ ನಾನೇ ತಂದೆ. ಮುಗಿಯುತ್ತಿದ್ದ ಹಾಗೆ ಎರಡನೆಯದನ್ನೂ ನಾನೇ ತರಲು ಎದ್ದೆ. ಒಬ್ಬಳು ಕೈ ಹಿಡಿದು ಕೂರಿಸಿದಳು. "ಕೂತ್ಕೋ, ನಿನ್ನ ಪಾಳಿ ಮುಗೀತು" ಅಂದಳು.